‘ಕೆರೆಗೆ ಹಾರ’: ಒಂದು ಜನಪದ ಗೀತದ ಅರ್ಥವಿಚಾರ

ಕನ್ನಡ ನಾಡಿನ ಹೆಂಗಳೆಯರ ಕಂಠದಲ್ಲಿ ಬಾಳಿಬಂದ ಕಥನಗೀತಗಳಲ್ಲಿ ‘ಕೆರೆಗೆ ಹಾರ’ಕ್ಕಿರುವಷ್ಟು ಪ್ರಸಿದ್ಧಿಯು ಬೇರೊಂದಕ್ಕೆ ವಿರಳ. ಆದರೆ ಹೆಚ್ಚು ಹಾಡಲ್ಪಡುವ ಹಾಡಿನ ಅರ್ಥವನ್ನು ಕಡಿಮೆ ವಿಚಾರಿಸುವುದು ಲೋಕರೂಢಿ. ಇದು ಭಾಗೀರಥಿಯ ತ್ಯಾಗವನ್ನು ಕೊಂಡಾಡುವ ಹಾಡೆಂದೇ ಹಲವರು ಬಗೆದಿರುವರು. ಕಥೆಯ ನಡೆಯನ್ನು ನಿಧಾನಿಸಿ ನೋಡಿದರೆ ಬೇರೆಯೇ ಒಂದು ಅಭಿಪ್ರಾಯವು ಗೋಚರವಾಗುತ್ತದೆ.

ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ತೋಡಿಸಿದನು. ಹನಿ ನೀರೂ ಬರಲಿಲ್ಲ. ಜೋಯಿಸನು ಸೊಸೆಯನ್ನು ಬಲಿಗೊಡಬೇಕೆಂದನು. ಹಿರಿಸೊಸೆಯನ್ನು ಕೊಟ್ಟರೆ ಮನೆತನ ನಡೆಯದೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ಅವಳ ಗಂಡ ಮಾದೇವರಾಯನು ಆಗ ದಂಡಿನಲ್ಲಿದ್ದನು. ಸಂಗತಿಯನ್ನರಿತ ಅವಳು ತೌರಿಗೆ ಹೋದರೂ ಹೆತ್ತವರಿಗೆ ನಿಜವನ್ನು ಹೇಳಲಾರಳು; ಗೆಳತಿಗೆ ಮಾತ್ರ ಹೇಳುವಳು. ಹಿಂದಿರುಗಿ, ತನ್ನ ಬಲಿಯ ಪೂಜೆಯ ಅಡಿಗೆಗೆ ತಾನೇ ಕೈಹಚ್ಚುವಳು. ಪೂಜೆ ಮುಗಿದ ಮೇಲೆ, ಮರೆತುಬಂದ ಬಂಗಾರದ ಪಾತ್ರೆಯನ್ನು ತರಲು ಅವಳೊಬ್ಬಳೇ ಕೆರೆಗಿಳಿಯಬೇಕಾಗುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದುಃಸ್ವಪ್ನವನ್ನು ಕಂಡು ಓಡಿಬಂದ ಗಂಡನಿಗೆ ಮನೆಯವರು ಸುಳ್ಳನ್ನಾಡುವರು. ಗೆಳತಿಯಿಂದ ನಿಜವನ್ನರಿತು ಅವನೂ ಅದೇ ಕೆರೆಗೆ ಹಾರುವನು.

‘ಹಾರ’ವೆಂದರೆ ಮಾಲೆ; ‘ಆಹಾರ’ವೆಂಬ ಧ್ವನಿಯೂ ಅದರಲ್ಲಿ ಅಡಗಿದೆ. ಊರಿಗೆ ಮಾಲೆಯಾಗಿ ಕಂಡುದು ಅವಳ ಪಾಲಿಗೆ ತುತ್ತಾಯಿತು. ಹೆಸರಿನಲ್ಲಿಯೂ ಸ್ವಾರಸ್ಯವುಂಟು. ಪುರಾಣದ ಭಗೀರಥನು ತಪಸ್ಸಿನಿಂದ ಗಂಗೆಯನ್ನು ಭೂಮಿಗೆ ತಂದನು. ಇಲ್ಲಿಯಾದರೋ ಆ ನದಿಯ ಹೆಸರಿನವಳೇ ನೀರಿಗೆ ತೆತ್ತ ಬೆಲೆ.

ಈ ಕಥೆಯ ಹಿಂದಿರುವ ಭೀತಿಯನ್ನರಿಯಲು ಚಿತ್ರದುರ್ಗದ ಸೀಮೆಯನ್ನು ನೋಡಿದರೆ ಸಾಕು. ಇದು ಮಳೆ ಕಡಿಮೆಯಾದ ನಾಡು. ಹೊಳಲ್ಕೆರೆಯು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿದೆ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳು ಮಳೆಯ ನೀರನ್ನು ಹಿಡಿದಿಡುತ್ತವೆ. ಹೊಸದುರ್ಗದ ಸೀಮೆಯನ್ನು ಹಾಯ್ದು ಬರುವ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಕಟ್ಟೆಯನ್ನು ಕಟ್ಟಿದರು. ಅದೇ ವಾಣಿವಿಲಾಸ ಸಾಗರ. ಕಣಿವೆ ಮಾರಮ್ಮನ ಸನ್ನಿಧಿಯಿಂದ ಆ ಸ್ಥಳಕ್ಕೆ ಹೆಸರು ಬಂದಿತು. ಅಷ್ಟು ದೃಢವಾದ ಆ ಜಲಾಶಯವೂ ೧೯೩೩ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಕಟ್ಟುವುದು ಮನುಷ್ಯನ ಕೈಯಲ್ಲಿದೆ. ತುಂಬುವುದು ಅವನ ಕೈಯಲ್ಲಿಲ್ಲ.

ಹಾಗೆಂದು ಹಿಂದಿನವರು ಕೆರೆಯ ವಿಷಯದಲ್ಲಿ ಬಲಿಯನ್ನೇ ನಂಬಿ ಕುಳಿತವರಲ್ಲ. ತಟಾಕವು ಸಪ್ತಸಂತಾನಗಳಲ್ಲಿ ಒಂದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ ೧೩೬೯ರ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ: ಜಲಶಾಸ್ತ್ರವನ್ನು ಬಲ್ಲವನಿರಬೇಕು, ನೆಲ ಗಟ್ಟಿಯಾಗಿರಬೇಕು, ಏರಿ ಜಿನುಗಬಾರದು, ನೆಲ ಚೌಳಾಗಿರಬಾರದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಅದು ದಾಖಲಿಸಿದೆ. ಆ ಅಂಗಗಳ ಪಟ್ಟಿಯಲ್ಲಿ ನರಬಲಿಯ ಮಾತಿಲ್ಲ.

ಬಲಿಯ ಕಥೆಯಾದರೋ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಸೆರ್ಬಿಯದವರ ಸ್ಕದರ್ ಕೋಟೆಯ ಹಾಡಿನಲ್ಲಿ ಮೂವರು ಸೋದರರು ಕಟ್ಟಿದ ಗೋಡೆಯು ನಿಲ್ಲದು. ಮರುದಿನ ಬುತ್ತಿ ತರುವ ಹೆಂಡತಿಯನ್ನು ಗೋಡೆಯಲ್ಲಿ ಹುದುಗಿಸಬೇಕೆಂದು, ಇದನ್ನು ಮನೆಯಲ್ಲಿ ಹೇಳಕೂಡದೆಂದು ಆಣೆಯಾಗುತ್ತದೆ. ಹಿರಿಯರಿಬ್ಬರು ಆಣೆಯನ್ನು ಮುರಿದು ತಮ್ಮ ಹೆಂಡಿರನ್ನು ಉಳಿಸಿಕೊಳ್ಳುವರು. ಮಾತನ್ನು ಉಳಿಸಿಕೊಂಡ ಕಿರಿಯನ ಹೆಂಡತಿ ಗೋಡೆಯ ಪಾಲಾಗುವಳು. ಗ್ರೀಸಿನ ಆರ್ತಾ ಸೇತುವೆಯ ಹಾಡೂ, ರುಮೇನಿಯದ ಮನೋಲೆಯೆಂಬ ಶಿಲ್ಪಿಯ ಹಾಡೂ ಇಂತಹವೇ. ಎಲ್ಲ ಕಡೆಯೂ ಕಟ್ಟುವವರು ಗಂಡಸರು, ತೆರುವವಳು ಹೆಂಗಸು.

ಆದುದರಿಂದ ಈ ಹಾಡನ್ನು ಸ್ತುತಿಯೆಂದು ತಿಳಿಯುವುದು ಪೂರ್ಣಾರ್ಥವಾಗದು. ಅವಳು ತಾನಾಗಿ ಮುಂದೆ ಬಂದವಳಲ್ಲ. ಹಿರಿಯರು ಅಳೆದು ಆರಿಸಿದವಳು. ಮನೆಯವರು ನಡೆದುದನ್ನು ಮಗನಿಗೆ ಹೇಳಲಾರದೆ ಹೋದರು. ಪುಣ್ಯವೆಂದು ಅವರೇ ನಂಬಿದ್ದರೆ ಮರೆಮಾಚುವುದೇತಕ್ಕೆ? ಮಾದೇವರಾಯನ ಸಾವು ಆ ಹಿರಿಯರಿಗೆ ಹಾಡು ಕೊಟ್ಟ ತೀರ್ಪು: ನೀರು ಬಂದಿತು, ಮಗನು ಹೋದನು. ಶಾಸನವು ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಉಳಿಸಿತು. ಮುಳುಗಿದವಳ ಹೆಸರನ್ನು ಬೀಸುವ, ಕುಟ್ಟುವ ಹೆಂಗಳೆಯರು ತಮ್ಮ ಉಸಿರಿನಲ್ಲಿ ಉಳಿಸಿದರು.