ದಿನನಿತ್ಯದ ಮರೆವು, ವರ್ಚುವಲ್ ರಿಯಾಲಿಟಿ ಮತ್ತು ವಿಜಯಪುರದ ನಾಲ್ಕು ಸಂತೆಗಳು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತಿನಿಂದ ಎಷ್ಟೋ ಕಾಯಿಲೆಗಳು ಮರೆಯಾಗಿವೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಅಜ್ಜ ಗುಳಿಗೆ ನುಂಗುವುದನ್ನು ಮರೆತರೆ ವಯಸ್ಸಿನ ಮೇಲೆ ಹಾಕುತ್ತಾರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ, ಗಾಯ ಮಾಯ್ದ ಮೇಲೂ ಹೇಳಿದ ಕೆಲಸ ಮರೆತರೆ ಉಡಾಫೆ ಎನ್ನುತ್ತಾರೆ. ಇಬ್ಬರಿಗೂ ಬೇಕಾದದ್ದು ಅವರ ದಿನನಿತ್ಯದ ಬದುಕನ್ನೇ ಅಳೆಯುವ ಪರೀಕ್ಷೆ.

ಅಂಥ ಪರೀಕ್ಷೆ ತಡವಾಗಿ ಬಂತು. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ಮರೆವನ್ನು ಅಳೆದ. ಮುಂದೆ ಬಹುಕಾಲ ಪದಪಟ್ಟಿಗಳದ್ದೇ ಕಾರುಬಾರು. ಜನ ನಿಜಬದುಕಿನಲ್ಲಿ ನೆನಪನ್ನು ಹೇಗೆ ಬಳಸುತ್ತಾರೆಂದು ಮನಶ್ಶಾಸ್ತ್ರ ಕೇಳುತ್ತಲೇ ಇಲ್ಲವೆಂದು 1978ರಲ್ಲಿ ಮನೋವಿಜ್ಞಾನಿ ಉಲ್ರಿಕ್ ನೈಸರ್ ಆಕ್ಷೇಪಿಸಿದರು. 1985ರಲ್ಲಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ರೂಪಿಸಿದ ರಿವರ್‌ಮೀಡ್ ಪರೀಕ್ಷೆ ಇದಕ್ಕೆ ಉತ್ತರದಂತಿತ್ತು. ರೋಗಿಯ ವಸ್ತುವೊಂದನ್ನು ಅವನೆದುರೇ ಬಚ್ಚಿಟ್ಟು, ಕೊನೆಗೆ ಅವನಾಗಿ ಕೇಳುತ್ತಾನೋ ಇಲ್ಲವೋ ನೋಡುವುದು. ಕೋಣೆಯೊಳಗೆ ನಡೆದು ತೋರಿಸಿದ ದಾರಿಯಲ್ಲೇ ಅವನನ್ನೂ ನಡೆಸುವುದು. ಮಿದುಳಿಗೆ ಪೆಟ್ಟಾದವರ ತೊಂದರೆ ಇಂಥ ಸಣ್ಣ ಕೆಲಸಗಳಲ್ಲೇ ಬಯಲಾಗುತ್ತದೆ.

ಆದರೆ ಆಸ್ಪತ್ರೆಯ ಕೋಣೆಯೊಳಗೆ ಪೇಟೆಯನ್ನು ತರಲಾಗದು. ಈ ಕೊರತೆಯನ್ನು ಕಂಪ್ಯೂಟರ್ ಕಟ್ಟುವ ಕಲ್ಪಿತ ಲೋಕ, ಅಂದರೆ ವರ್ಚುವಲ್ ರಿಯಾಲಿಟಿ, ತುಂಬಿತು. 2004ರಲ್ಲಿ ಬ್ರಿಟನ್ನಿನ ಬ್ರೂಕ್ಸ್, ರೋಸ್ ಮೊದಲಾದವರು ಪಾರ್ಶ್ವವಾಯು ಪೀಡಿತರಿಗೆ ಪರದೆಯ ಮೇಲೆ ಮನೆ ಖಾಲಿ ಮಾಡುವ ಕೆಲಸ ಕೊಟ್ಟರು: ಗಾಜಿನ ಸಾಮಾನಿಗೆ ಚೀಟಿ ಅಂಟಿಸಬೇಕು, ಅಡುಗೆಮನೆಯ ಬಾಗಿಲು ಮುಚ್ಚುತ್ತಿರಬೇಕು, ಹೊತ್ತಿಗೆ ಸರಿಯಾಗಿ ಒಂದು ಕೆಲಸ ನೆನೆಯಬೇಕು. ಮುಂದೆ ಮಾಡಬೇಕಾದ್ದನ್ನು ನೆನಪಿಡುವ ಶಕ್ತಿ ಹೀಗೆ ಅಳತೆಗೆ ಸಿಕ್ಕಿತು. 2012ರಲ್ಲಿ ಫ್ರಾನ್ಸಿನ ಪ್ಲಾನ್ಶೆ ತಂಡ ವೃದ್ಧರನ್ನೂ ಆಲ್ಝೈಮರ್ ರೋಗಿಗಳನ್ನೂ ಕಲ್ಪಿತ ಪಟ್ಟಣದಲ್ಲಿ ಒಮ್ಮೆ ಚಾಲಕರಾಗಿ, ಒಮ್ಮೆ ಪ್ರಯಾಣಿಕರಾಗಿ ಸುತ್ತಾಡಿಸಿತು. ರೋಗಿಗಳು ಹೇಳಿಕೊಳ್ಳುವ ನಿತ್ಯದ ಮರೆವಿಗೆ ಹಳೆಯ ಪದಪರೀಕ್ಷೆಗಿಂತ ಈ ಸುತ್ತಾಟದ ಅಂಕಗಳೇ ಹೆಚ್ಚು ಹೊಂದಿದವು. ಈ ಚರಿತ್ರೆಯ ತಿರುವು ಇದೇ ಎಂದು ನನ್ನ ಎಣಿಕೆ.

ಭಾರತದಲ್ಲಿ ಮೊದಲ ತೊಡಕು ಅಕ್ಷರದ್ದು. 1975ರ ಅಮೆರಿಕದ ಕಿರು ಮನಃಸ್ಥಿತಿ ಪರೀಕ್ಷೆ ವಾಕ್ಯ ಬರೆಯಲು ಹೇಳುತ್ತಿತ್ತು. ಮೇರಿ ಗಂಗೂಲಿ ತಂಡ 1995ರಲ್ಲಿ ಹರಿಯಾಣದ ಬಲ್ಲಭಗಢದ ಓದುಬರಹವಿಲ್ಲದ ವೃದ್ಧರಿಗಾಗಿ ಅದನ್ನು ಬದಲಿಸಿ, ಮನೆಯ ಬಗ್ಗೆ ಏನಾದರೂ ಹೇಳಿ ಎಂದು ಕೇಳಿತು. ಕರ್ನಾಟಕದಲ್ಲಿ ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ಪ್ರಕಟಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಕಂಪ್ಯೂಟರ್ ಪರೀಕ್ಷೆಯಿಂದಲೂ ನೋಡುತ್ತಿದೆ. ಹಳ್ಳಿಯ ಹಿರಿಯರು ಯಂತ್ರದೆದುರು ಕೂರಲಾರರೆಂಬ ಊಹೆ ಅಲ್ಲಿಗೆ ಸುಳ್ಳಾಯಿತು.

ಉಳಿದ ತೊಡಕು ಊರಿನದು. ಪರದೆಯ ಮೇಲಿನ ಯುರೋಪಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಂದಗಿಯ ಅವ್ವ ದಾರಿ ತಪ್ಪಿದರೆ ಅದು ಮರೆವಲ್ಲ, ಅಪರಿಚಯ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಹಿರಿಯರ ವಿಷಯ ಇನ್ನೂ ಸೂಕ್ಷ್ಮ: ಮುಳುಗಿದ ಊರಿನ ಓಣಿಗಳು ಅವರಿಗೆ ಕಣ್ಣಿಗೆ ಕಟ್ಟಿದಂತಿದ್ದು, ಹೊಸ ಊರಿನ ಅಡ್ಡರಸ್ತೆ ತಪ್ಪಬಹುದು. ಹಳೆಯ ನೆನಪನ್ನೂ ಹೊಸ ಕಲಿಕೆಯನ್ನೂ ಬೇರ್ಪಡಿಸದ ಪರೀಕ್ಷೆ ಅವರಿಗೆ ಅನ್ಯಾಯ ಮಾಡುತ್ತದೆ. ಇನ್ನು ವರ್ಚುವಲ್ ರಿಯಾಲಿಟಿಗೆಂದು ತಲೆಗೆ ಕಟ್ಟುವ ಸಾಧನ ಕನ್ನಡಕದವರಿಗೂ ಪೊರೆಗಣ್ಣಿನವರಿಗೂ ತೊಡಕಾಗಬಹುದು. ಪೆಟ್ಟಾದ ತಲೆಗೆ ಅದರಿಂದ ತಲೆಸುತ್ತು ಬರುವುದುಂಟು. ಸಾಧಾರಣ ಪರದೆಯೇ ಸಾಕು.

ಪರದೆಯ ಮೇಲೆ ಬೇಕಿರುವುದು ಮೊದಲು ಹೇಳಿದ ನಾಲ್ಕು ಊರುಗಳ ವಾರದ ಸಂತೆ: ಲಿಂಬೆಹಣ್ಣಿನ ರಾಶಿ, ಜೋಳದ ಚೀಲ, ಟಂಟಂ ನಿಲ್ಲುವ ಜಾಗ, ಮರಳುವಾಗ ಔಷಧದ ಅಂಗಡಿಗೆ ಹೋಗಬೇಕೆಂಬ ಒಂದು ಕೆಲಸ. ಇದನ್ನು ನಮ್ಮ ವಿಶ್ವವಿದ್ಯಾಲಯಗಳೇ ಕಟ್ಟಬೇಕು, ವಿಜಯಪುರದ ಕನ್ನಡದಲ್ಲೇ ಮಾತಾಡಿಸಬೇಕು. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಮರೆವಿನ ಬಗ್ಗೆ ಮನೆಯವರು ಹೇಳುವ ಒಂದೊಂದು ಸಂಗತಿಯನ್ನೂ ಕೇಸ್ ಪೇಪರಿನಲ್ಲಿ ಬರೆದಿಡಲಿ.