ಬೊಮ್ಮನ ಹೆಸರಿನ ಹಾಳೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಕೋಲಾರ ಸಂಪುಟದಲ್ಲಿ ಪ್ರಕಟಿಸಿದರು. ಉಳಿಯಲೆಂದೇ ಕಲ್ಲಿಗಿಳಿದ ಮಾತುಗಳವು. ದಾನ ಕೊಟ್ಟವರ, ಕಾಳಗದಲ್ಲಿ ಮಡಿದವರ ಹೆಸರು ಅಲ್ಲಿ ಸಿಗುತ್ತದೆ. ಊಳಿಗದವನ ದಿನಚರಿ ಸಿಗುವುದು ಅಪರೂಪ.

ಕರ್ನಾಟಕದ ಅಂಥದೊಂದು ಬದುಕಿನ ಸುಳಿವು ಉಳಿದದ್ದು ಈಜಿಪ್ಟಿನಲ್ಲಿ, ಅದೂ ಯಾರೂ ಉಳಿಸಬೇಕೆಂದುಕೊಳ್ಳದ ಕಾಗದಗಳಲ್ಲಿ. ದೇವರ ಹೆಸರಿರಬಹುದೆಂಬ ಭಯದಿಂದ ಯೆಹೂದಿಗಳು ಹಳೆಯ ಬರಹಗಳನ್ನು ನಾಶಮಾಡದೆ ‘ಗೆನಿಜಾ’ ಎಂಬ ಕೋಣೆಗೆ ಹಾಕುತ್ತಿದ್ದರು. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಇಂಥ ರಾಶಿಯನ್ನು ಸಾಲೊಮನ್ ಶೆಕ್ಟರ್ 1896-97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿನ ಸಂಗ್ರಹದಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ, ಟ್ಯುನೀಶಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಅವುಗಳಲ್ಲಿವೆ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ ಈತ ಏಡನ್‌ಗೆ ಕಬ್ಬಿಣ, ಮೆಣಸು, ಅಡಿಕೆ ಕಳಿಸುತ್ತಿದ್ದ. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ.

2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಗೆನಿಜಾ ಕುರಿತು ಪ್ರದರ್ಶನ ನಡೆಸಿತು. ಅಂಥದೊಂದನ್ನು ಮಂಗಳೂರಿನಲ್ಲಿ ಮಾಡುವುದಾದರೆ ಹೇಗಿರಬೇಕು?

ಬೆನ್ ಯಿಜುವಿಗೆ ಕಾಗದ ಏಡನ್‌ನಿಂದ ಬರಬೇಕಿತ್ತು. ಹಾಗಾಗಿ ಬಂದ ಪತ್ರದ ಬೆನ್ನನ್ನೂ ಖಾಲಿ ಅಂಚನ್ನೂ ಆತ ಬಿಡದೆ ಬಳಸಿದ. ಗೋಡೆಗೆ ತೂಗುಹಾಕಿದರೆ ಅರ್ಧ ಕತೆಯೇ ಮರೆಯಾಗುತ್ತದೆ. ಎರಡೂ ಮುಖ ಕಾಣುವಂತೆ ಗಾಜಿನ ನಡುವೆ ನಿಲ್ಲಿಸಬೇಕು. ಬೆಳಕು 50 ಲಕ್ಸ್ ಮೀರಬಾರದು, ಹಳೆಯ ಶಾಯಿ ಹೆಚ್ಚಿನದನ್ನು ತಾಳದು. ಹಾಳೆಗಳು ಹಲವು ದೇಶಗಳಲ್ಲಿ ಚದುರಿರುವುದರಿಂದ ಕೆಲವಕ್ಕೆ ಪ್ರತಿರೂಪವೇ ಗತಿ. ಪಕ್ಕದಲ್ಲಿ ಕನ್ನಡ, ತುಳು ಅನುವಾದ ಇರಲೇಬೇಕು.

ಮೊದಲು ಕಾಣಬೇಕಾದದ್ದು ಯಾವುದು? ಒಡೆಯನ ಪರವಾಗಿ ಏಡನ್‌ಗೆ ಹೋಗಿ ವ್ಯಾಪಾರ ನಡೆಸಿದ ದಾಸನೊಬ್ಬನ ಹೆಸರು ಪತ್ರಗಳಲ್ಲಿ ಮೂರೇ ಹೀಬ್ರೂ ಅಕ್ಷರಗಳಲ್ಲಿದೆ. ಏಡನ್‌ನ ವರ್ತಕರು ಅವನಿಗೂ ವಂದನೆ ತಿಳಿಸುತ್ತಾರೆ. ಆ ಮೂರಕ್ಷರ ‘ಬೊಮ್ಮ’ ಎಂದು ಅಮಿತಾವ್ ಘೋಷ್ ಓದಿಕೊಂಡದ್ದು ಬಿ.ಎ. ವಿವೇಕ ರೈ ಅವರ ನೆರವಿನಿಂದ. ಹಾಳೆ ಕೇಂಬ್ರಿಜ್‌ನಲ್ಲಿತ್ತು, ಹೆಸರು ಬಲ್ಲವರು ಇಲ್ಲಿದ್ದರು.

ಅದರ ಪಕ್ಕ 1132ರ ಅಕ್ಟೋಬರ್ 17ರ ಪತ್ರ. ಅಶು ಎಂಬ ದಾಸಿಯನ್ನು ಮಂಗಳೂರಿನಲ್ಲಿ ಬೆನ್ ಯಿಜು ಬಿಡುಗಡೆ ಮಾಡಿದ ದಾಖಲೆಯದು. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರು ಊಹಿಸುತ್ತಾರೆ.

ಬೊಮ್ಮ, ಅಶು ಇಬ್ಬರ ಬಗೆಗೂ ಬರೆದವರು ಬೇರೆಯವರೇ. ಅದಕ್ಕೇ ಮೂರನೆಯ ಪೆಟ್ಟಿಗೆ ಖಾಲಿ ಇರಲಿ. ಫಲಕದಲ್ಲಿ ಇಷ್ಟು ಸಾಕು: ಇದು ಅವರಿಬ್ಬರ ಮಾತಿಗೆ ಕಾದಿಟ್ಟ ಜಾಗ.