ಸಂಜೆಗೆ ಮನೆ ಸೇರುವಷ್ಟು ದೂರ

ನಮ್ಮಲ್ಲಿ ಪ್ರಯಾಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗಾಲಿಯಿಂದ ಶುರು ಮಾಡುತ್ತಾರೆ. ಎತ್ತಿನಗಾಡಿ ಹಿಂದೆ ಸರಿಯಿತು, ರೈಲು ಬಂತು, ಬಸ್ಸು ಬಂತು, ಈಗ ಮನೆಗೊಂದು ಕಾರು. ವೇಗ ಹೆಚ್ಚಿದಂತೆಲ್ಲ ಜನ ದೂರ ದೂರ ಹೋದರು ಎನ್ನುತ್ತಾರೆ. ವ್ಯಾಪಾರಕ್ಕೆ, ದೂರದ ತೀರ್ಥಯಾತ್ರೆಗೆ ಈ ಲೆಕ್ಕ ಸರಿಹೋದೀತು. ಆದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟು ರಾತ್ರಿ ತಮ್ಮ ಮನೆಯಲ್ಲೇ ಮಲಗುವ ಒಂದು ದಿನದ ತಿರುಗಾಟಕ್ಕೆ ಅದು ಒಗ್ಗುವುದಿಲ್ಲ. ಹಳೇ ಮೈಸೂರಿನ ಸೀಮೆಯನ್ನೂ ಉತ್ತರದ ಎರೆಭೂಮಿಯ ಜಿಲ್ಲೆಗಳನ್ನೂ ನೋಡಿದರೆ, ಕಳೆದ ನೂರೈವತ್ತು ವರ್ಷಗಳಲ್ಲಿ ಇಂಥ ತಿರುಗಾಟದ ದೂರವನ್ನು ನಿರ್ಧರಿಸಿದ್ದು ಹೋಗುವ ವೇಗವಲ್ಲ, ಮರಳಿ ಬರುವ ಹೊತ್ತು. ಗೂಟಕ್ಕೆ ಕಟ್ಟಿದ ಹಸು ಹಗ್ಗ ಇರುವಷ್ಟೇ ದೂರ ಮೇಯುತ್ತದೆ. ಅದರ ಕಾಲಿನ ಶಕ್ತಿ ಎಷ್ಟಿದ್ದರೇನು?

ಎತ್ತಿನಗಾಡಿಯ ಕಾಲದಲ್ಲಿ ಆ ಹಗ್ಗ ಎಷ್ಟು ಉದ್ದವಿತ್ತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಹೆಂಗಸರು, ಮಕ್ಕಳು, ಅಡುಗೆಯ ಬುಟ್ಟಿಗಳನ್ನು ಹೇರಿಕೊಂಡ ಗಾಡಿ ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ಸಾಗುತ್ತದೆ. ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆ ಕಸ ತೆಗೆದು ಹೊರಡಬೇಕು. ಸಂಜೆ ಮತ್ತೆ ಹಾಲು ಕರೆಯುವ ಹೊತ್ತಿಗೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ನಡುವೆ ಉಳಿಯುವ ಒಂಬತ್ತು ಹತ್ತು ತಾಸುಗಳಲ್ಲಿ ಉಣ್ಣಲು, ನೋಡಲು, ನೆಂಟರೊಡನೆ ಮಾತಾಡಲು ಅರ್ಧ ಹಗಲು ಬೇಡವೇ? ಉಳಿದದ್ದನ್ನು ಹೋಗುವುದಕ್ಕೂ ಬರುವುದಕ್ಕೂ ಪಾಲು ಮಾಡಿದರೆ ಎಂಟು ಹತ್ತು ಕಿಲೋಮೀಟರ್, ಹಳಬರ ಅಳತೆಯಲ್ಲಿ ಎರಡು ಹರದಾರಿ. ಸುತ್ತಲ ಹಳ್ಳಿಗಳವರು ಸಂತೆಗೆ, ಸಣ್ಣ ಜಾತ್ರೆಗೆ, ಹೊಳೆದಂಡೆಯ ಗುಡಿಗೆ ಹೋಗಿ ಅದೇ ದಿನ ಮರಳುತ್ತಿದ್ದುದು ಹೆಚ್ಚುಕಡಿಮೆ ಈ ಸುತ್ತಿನೊಳಗೇ. ದಿನವನ್ನೂ ಅವರು ತಮಗೆ ತೋಚಿದಂತೆ ಆರಿಸಿಕೊಳ್ಳುವಂತಿರಲಿಲ್ಲ. ಸೋಮವಾರ ಬಸವನ ವಾರ, ನೇಗಿಲು ಕಟ್ಟುವುದಿಲ್ಲ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಬೀಳುವುದಕ್ಕೆ ಶಿವನ ವಾರವೆಂಬ ಕಾರಣ ಇದ್ದೇ ಇದೆ. ಸುತ್ತಲಿನ ಕಡಲೆಕಾಯಿ ಬೆಳೆಗಾರನಿಗೆ ಬಿಡುವಿದ್ದ ವಾರವೂ ಅದೇ ಎಂಬುದನ್ನು ಮರೆಯಬಾರದು.

ಈ ಬಗೆಯ ತಿರುಗಾಟದ ಅತ್ಯಂತ ಶುದ್ಧ ರೂಪ ಬೀದರ, ಕಲಬುರಗಿ, ವಿಜಯಪುರದ ಕಡೆಯ ಎಳ್ಳಮವಾಸ್ಯೆ. ಬಿಳಿಜೋಳ ತೆನೆ ಹಿಡಿದು ನಿಂತಿರುವ ಚಳಿಗಾಲದ ಆ ದಿನ ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುತ್ತಾರೆ. ಎಲ್ಲಿಗೆ? ತಮ್ಮದೇ ಹೊಲಕ್ಕೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹತ್ತಾರು ಕಾಯಿಪಲ್ಲೆಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ ಎಲ್ಲವೂ ಚಕ್ಕಡಿ ಏರುತ್ತವೆ. ಹೊಲದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಕೂತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದೊಯ್ಯುತ್ತಾರೆ. ನೋಡಲು ಹೊಸದೇನೂ ಇಲ್ಲದ, ಮರುದಿನ ಮತ್ತೆ ದುಡಿಯಲು ಬರಬೇಕಾದ ಜಾಗಕ್ಕೆ ಇಷ್ಟು ಸಡಗರದಿಂದ ಹೊರಡುವುದು ಪ್ರವಾಸೋದ್ಯಮದ ಪುಸ್ತಕಗಳಿಗೆ ಅರ್ಥವಾಗದ ಸಂಗತಿ. ಹೊರಗೆ ಹೋಗುವ ಸುಖಕ್ಕೆ ದೂರ ಅಗತ್ಯವೇ ಅಲ್ಲ, ಒಲೆಯಿಂದ ಬಿಡುಗಡೆ ಸಿಕ್ಕರೆ ಸಾಕು ಎಂದು ಇದರಿಂದ ಹೇಳಬಹುದೇನೋ. ಹಿಂದಿನ ದಿನವಿಡೀ ಒಲೆಯ ಮುಂದೆ ಕೂತವರು ಆ ಮಾತನ್ನು ಒಪ್ಪುತ್ತಾರೋ ಇಲ್ಲವೋ, ಅದು ಬೇರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಗಾಡಿ ಕಟ್ಟಿಕೊಂಡು ವಾರಗಟ್ಟಲೆ ನಡೆದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಬಾದಾಮಿಯ ಬನಶಂಕರಿಗೆ ಹೋದ ಕುಟುಂಬಗಳಿಲ್ಲವೇ? ಇದ್ದವು, ಈಗಲೂ ಇವೆ. ಆದರೆ ಅದು ಊರನ್ನೇ ಜೊತೆಗೆ ಒಯ್ಯುವ ಪ್ರಯಾಣ. ಮೇವು, ಪಾತ್ರೆ, ಹಿಟ್ಟು, ಹಾಸಿಗೆ ಸಮೇತ ಹೊರಟವರಿಗೆ ಮರಳುವ ಗಡುವು ಸಂಜೆಯದಲ್ಲ, ಸುಗ್ಗಿಯದು. ಹಿಂದೆ ಉಳಿದ ಮುದುಕರೋ ಪಾಲುದಾರರೋ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಹೀಗೆ ಹಗ್ಗ ಬಿಚ್ಚಿಕೊಂಡವರು ಉಳಿದ ದಿನಗಳಲ್ಲಿ ಎರಡು ಹರದಾರಿಯ ಆಚೆಗೆ ಮೋಜಿಗೆಂದು ಹೋದದ್ದು ಅಪರೂಪ. ಯಾತ್ರೆಯ ದೂರವನ್ನು ಒಂದು ದಿನದ ತಿರುಗಾಟದ ಲೆಕ್ಕಕ್ಕೆ ಸೇರಿಸಿದರೆ ಎರಡೂ ಕಾಣದಾಗುತ್ತವೆ.

ರೈಲು ಬಂದಾಗಲೂ ಲೆಕ್ಕ ಒಮ್ಮೆಲೇ ಬದಲಾಗಲಿಲ್ಲ ಎಂಬುದು ನನ್ನ ವಾದಕ್ಕೆ ಗಟ್ಟಿ ಸಾಕ್ಷಿ. ಬೆಂಗಳೂರು ಮೈಸೂರು ನಡುವಿನ ಸುಮಾರು 138 ಕಿ.ಮೀ. ಮೀಟರ್ ಗೇಜ್ ಹಳಿ 1882ರ ಹೊತ್ತಿಗೆ ಪೂರ್ತಿಯಾಯಿತು. ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಹಾದಿ ಒಂದೇ ಹಗಲಿನೊಳಗೆ ಬಂತು. ಹಾಗೆಂದು ಬೆಂಗಳೂರಿನ ಕುಟುಂಬಗಳು ಮೈಸೂರಿಗೆ ಹೋಗಿ ಅದೇ ದಿನ ಮರಳತೊಡಗಿದವೇ? ಇಲ್ಲ. ದಸರೆಗೆ ಹೋದವರು ನೆಂಟರ ಮನೆಯಲ್ಲೋ ಛತ್ರದಲ್ಲೋ ಉಳಿದರು, ಏಕೆಂದರೆ ಹೋಗುವುದರಲ್ಲೇ ಅರ್ಧ ಹಗಲು ಕಳೆಯುತ್ತಿತ್ತು. ರೈಲು ಒಂದು ದಿನದ ತಿರುಗಾಟಕ್ಕೆ ಒದಗಿದ್ದು ಸಣ್ಣ ದೂರಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಳಿ ಮೈಸೂರಿನಿಂದ ನಂಜನಗೂಡಿಗೆ ಮುಂದುವರಿದಾಗ, ಇಪ್ಪತ್ತೈದು ಕಿ.ಮೀ. ಆಸುಪಾಸಿನ ಆ ಹಾದಿ ನಗರದವರಿಗೆ ಹೇಳಿ ಮಾಡಿಸಿದಂತಾಯಿತು. ಬೆಳಿಗ್ಗೆ ಹೋಗಿ ಕಪಿಲೆಯಲ್ಲಿ ಮಿಂದು, ನಂಜುಂಡೇಶ್ವರನಿಗೆ ಕೈಮುಗಿದು, ಬುತ್ತಿ ಬಿಚ್ಚಿ ಉಂಡು ಸಂಜೆಗೆ ಮನೆ. ಆ ರೈಲು ಹೊಳೆ ದಾಟುತ್ತಿದ್ದುದು 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ ಕಲ್ಲು ಸೇತುವೆಯ ಮೇಲೆ. ಎತ್ತಿನಗಾಡಿಗೆಂದು ಕಟ್ಟಿದ ಸೇತುವೆ ರೈಲನ್ನೂ ಹೊತ್ತಿತು. ಗಾಡಿಯ ಕಾಲದ ಹತ್ತು ಕಿಲೋಮೀಟರ್ ಈಗ ಇಪ್ಪತ್ತೈದಾಯಿತು, ಅಷ್ಟೇ. ವಾಹನದ ವೇಗ ಬೆಳೆದ ಪ್ರಮಾಣದಲ್ಲಿ ಬೆಳೆಯಲಿಲ್ಲ. ಹೊರಡುವ ಹೊತ್ತನ್ನೂ ಮರಳುವ ಹೊತ್ತನ್ನೂ ಗೊತ್ತುಮಾಡುವ ಅಧಿಕಾರ ಗೃಹಿಣಿಯ ಕೈಯಿಂದ ಸ್ಟೇಷನ್ ಮಾಸ್ತರರ ಕೈಗೆ ಹೋಗಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕೆಂಬ ನಿಯಮವನ್ನು ನಿಜವಾಗಿ ಮುರಿದದ್ದು ರೈಲಲ್ಲ, ಕರೆಂಟು. ಕನ್ನಂಬಾಡಿಯಲ್ಲಿ 1911ರಲ್ಲಿ ಶುರುವಾದ ಕಟ್ಟೆಯ ಕೆಲಸ ಎರಡು ದಶಕ ನಡೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ ಕಟ್ಟೆಯ ಬುಡದಲ್ಲಿ ತೋಟ ರೂಪುಗೊಂಡಿತು, ಅದೇ ಬೃಂದಾವನ. ಮೊಘಲರ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕಾರಂಜಿಗಳನ್ನು ಹಗಲಿನಲ್ಲಿ ನೋಡಿ ಬಂದವರು ಅರ್ಧ ಮಾತ್ರ ನೋಡಿದರು. ಬಣ್ಣದ ದೀಪ ಬೆಳಗುವುದು ಕತ್ತಲಾದ ಮೇಲೆ. ಅಂದರೆ, ಮೈಸೂರಿನಿಂದ ಇಪ್ಪತ್ತು ಕಿ.ಮೀ. ದೂರಕ್ಕೆ ಹೆಂಗಸರು ಮಕ್ಕಳೊಡನೆ ಹೋಗಿ, ಹೊತ್ತು ಮುಳುಗುವುದನ್ನೇ ಕಾದು, ಕತ್ತಲಲ್ಲಿ ಮರಳುವುದನ್ನು ಒಂದು ಸರ್ಕಾರಿ ತೋಟ ಮರ್ಯಾದಸ್ಥ ಕುಟುಂಬಗಳಿಗೆ ಸಹಜವೆಂಬಂತೆ ಮಾಡಿತು. ಇದು ಸಣ್ಣ ಬದಲಾವಣೆಯಲ್ಲ. ಮುಂದೆ ಸಿನಿಮಾದವರು ಅಲ್ಲಿ ಹಾಡುಗಳನ್ನು ಚಿತ್ರೀಕರಿಸಿದರು; ಹಾಡು ನೋಡಿದವರಿಗೆ ಜಾಗ ನೋಡುವ ಆಸೆ ಹುಟ್ಟಿತು. ರಾಜ್ಯದ ಪ್ರವಾಸೋದ್ಯಮ ನಿಗಮ ಬೆಂಗಳೂರಿನಿಂದ ನಡೆಸುತ್ತ ಬಂದ ಒಂದು ದಿನದ ಮೈಸೂರು ಪ್ರವಾಸದಲ್ಲಿ ಶ್ರೀರಂಗಪಟ್ಟಣ, ಚಾಮುಂಡಿಬೆಟ್ಟ, ಅರಮನೆ ಎಲ್ಲ ಮುಗಿದ ಮೇಲೆ ಕೊನೆಯದು ಬೃಂದಾವನವೇ. ಹಗಲಿಗೆ ಮೂರು ನಾಲ್ಕು ತಾಸು ಸೇರಿದ್ದರಿಂದಲೇ ಬೆಂಗಳೂರು ಮೈಸೂರು ಒಂದು ದಿನದ ಅಂತರದೊಳಗೆ ಬಂತು. ಬಸ್ಸಿನ ವೇಗದ ಪಾತ್ರ ಅದಕ್ಕಿಂತ ಕಡಿಮೆ. ಆ ಬಸ್ಸು ಬೆಂಗಳೂರು ಮುಟ್ಟುವ ಹೊತ್ತಿಗೆ ಮಕ್ಕಳು ನಿದ್ದೆಹೋಗಿರುತ್ತಾರೆ, ಮನೆಯಲ್ಲಿ ಕರೆಯಲು ಹಸುವಿರುವುದಿಲ್ಲ.

ಹಳ್ಳಿಯವರಿಗೆ ಮಾತ್ರ ಈ ವಿಸ್ತರಣೆ ಸಿಗಲಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಒಳನಾಡಿನ ಊರುಗಳಿಗೆ ಕ್ರಮೇಣ ಬಂದದ್ದು ನೈಟ್ ಹಾಲ್ಟ್ ಬಸ್ಸು. ರಾತ್ರಿ ಊರಿನಲ್ಲೇ ತಂಗಿ, ಬೆಳಿಗ್ಗೆ ಜನರನ್ನು ಪೇಟೆಗೆ ಒಯ್ದು, ಸಂಜೆ ಅಥವಾ ರಾತ್ರಿ ಮತ್ತೆ ಊರಿಗೆ ಬರುವ ಗಾಡಿ ಅದು. ಒಂದು ಹಳ್ಳಿಯ ಕುಟುಂಬ ಎಷ್ಟು ದೂರ ತಿರುಗಬಹುದು ಎಂಬುದಕ್ಕೆ ಈ ಒಂದು ಬಸ್ಸಿನ ವೇಳೆಯೇ ಗಡಿ. ತಾಲ್ಲೂಕು ಕೇಂದ್ರದಲ್ಲಿ ಒಂದು ಸಿನಿಮಾ, ಹೋಟೆಲಿನಲ್ಲಿ ದೋಸೆ, ಬಟ್ಟೆ ಅಂಗಡಿ. ಹಾಲ್ಟ್ ಬಸ್ಸು ತಪ್ಪಿದರೆ ಬಸ್‌ ಸ್ಟ್ಯಾಂಡಿನ ಬೆಂಚೇ ಗತಿ. ಬಸ್ಸಿನ ವೇಗ ಎತ್ತಿನ ಹತ್ತರಷ್ಟಿತ್ತು. ಕುಟುಂಬದ ತಿರುಗಾಟದ ದೂರ ಹತ್ತರಷ್ಟಾಗಲಿಲ್ಲ.

ಯಾವ ಕುಟುಂಬ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಚರಿತ್ರೆ ಹೇಳುವುದು ಅಪ್ರಾಮಾಣಿಕವಾದೀತು. ಮೇಲುಜಾತಿಯ ಮಡಿವಂತರು ಹೊರಗಿನ ನೀರು ಮುಟ್ಟುತ್ತಿರಲಿಲ್ಲ, ಆದ್ದರಿಂದ ಬುತ್ತಿ ಕೆಡದೆ ಉಳಿಯುವಷ್ಟೇ ಅವರ ದೂರ. ಮೊಸರನ್ನಕ್ಕಿಂತ ಪುಳಿಯೋಗರೆ ಸ್ವಲ್ಪ ಮುಂದೆ ಕರೆದೊಯ್ಯುತ್ತಿತ್ತು. ಅದು ಅವರೇ ಹಾಕಿಕೊಂಡ ಕಟ್ಟು. ದಲಿತ ಕುಟುಂಬದ ಮೇಲಿದ್ದದ್ದು ಬೇರೆಯವರು ಹಾಕಿದ ಕಟ್ಟು. ದಾರಿಯ ಬಾವಿ ಮುಟ್ಟುವಂತಿಲ್ಲ, ಹೋಟೆಲಿನಲ್ಲಿ ಲೋಟ ಬೇರೆ, ಎಷ್ಟೋ ಗುಡಿಗಳ ಮುಂದೆ ಹೊರಗೇ ನಿಲ್ಲಬೇಕು. ಅಂಥವರಿಗೆ ದೂರವನ್ನು ನಿರ್ಧರಿಸಿದ್ದು ಗಡಿಯಾರವಲ್ಲ, ಅವಮಾನದ ಭಯ. ತಮ್ಮವರಿರುವ ಊರಿನವರೆಗೆ ಮಾತ್ರ ನಿಶ್ಚಿಂತೆ. ಇನ್ನು ಎಲ್ಲ ಜಾತಿಯ ಹೆಂಗಸರಿಗೂ ಸಮಾನವಾಗಿದ್ದ ಕಟ್ಟೊಂದಿತ್ತು: ಶೌಚಾಲಯವಿಲ್ಲದ ಹಾದಿ. ಬೆಳಗಿನಿಂದ ನೀರು ಕುಡಿಯದೆ ಪ್ರಯಾಣ ಮಾಡಿದವರ ಕಷ್ಟ ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲ. ಮರಳುವ ಹೊತ್ತೇ ಮುಖ್ಯ ಎಂಬ ನನ್ನ ಮಾತನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಹೊತ್ತು ಎಲ್ಲರಿಗೂ ಗಡಿಯೇ, ಆದರೆ ಕೆಲವರು ಆ ಗಡಿ ಮುಟ್ಟುವ ಮೊದಲೇ ನಿಲ್ಲಬೇಕಾಗಿತ್ತು.

ದುಡ್ಡಿನ ಮಾತು? ಇದು ಇನ್ನೂ ಬಲವಾದ ಆಕ್ಷೇಪ, ಏಕೆಂದರೆ ಅದಕ್ಕೆ ಇತ್ತೀಚಿನ ದೊಡ್ಡ ಪುರಾವೆಯೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಾದಾಗ, ಮೊದಲ ವಾರಾಂತ್ಯಗಳಲ್ಲೇ ಧರ್ಮಸ್ಥಳ, ಕುಕ್ಕೆಗಳಲ್ಲಿ ಜನಸಾಗರ ಸೇರಿತು. ಹೊತ್ತು ಮೊದಲಿದ್ದಷ್ಟೇ ಇತ್ತು, ಬದಲಾದದ್ದು ದರ ಮಾತ್ರ. ಹಾಗಾದರೆ ಹಗ್ಗ ದುಡ್ಡಿನದೇ ಅಲ್ಲವೇ? ಬಹುಪಾಲು ಬಡಕುಟುಂಬಗಳಿಗೆ ಹೌದೆಂದು ಒಪ್ಪಲೇಬೇಕು. ಟಿಕೆಟ್ಟಿನ ಜೊತೆಗೆ ಮನೆಯ ಗಂಡಸಿನ ಅನುಮತಿ ಕೇಳುವ ಅಗತ್ಯವೂ ಎಷ್ಟೋ ಕಡೆ ಸಡಿಲಾಯಿತು. ಆದರೆ ಹೀಗೆ ಹೊರಟವರ ಪ್ರಯಾಣದ ವಿನ್ಯಾಸ ನೋಡಿ. ಬೆಂಗಳೂರಿನಿಂದ ಧರ್ಮಸ್ಥಳ ಸುಮಾರು ಮುನ್ನೂರು ಕಿ.ಮೀ. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಇಳಿದು, ನೇತ್ರಾವತಿಯಲ್ಲಿ ಮಿಂದು, ದರ್ಶನ ಮಾಡಿ, ದೇವಸ್ಥಾನದ ಊಟ ಉಂಡು ಮತ್ತೆ ಬಸ್ಸು. ಲಾಡ್ಜಿಗೆ ಕಾಸಿಲ್ಲದವರು ರಾತ್ರಿಯನ್ನೇ ದಾರಿಗೆ ಕೊಟ್ಟರು. ದುಡ್ಡಿನ ಕಟ್ಟು ಬಿಚ್ಚಿದ ಮೇಲೆ ಮುಂದೆ ನಿಂತದ್ದು ಮತ್ತೆ ಹೊತ್ತಿನ ಕಟ್ಟು, ಮತ್ತೆ ಸೋಮವಾರದ ಕೂಲಿ, ಮಕ್ಕಳ ಶಾಲೆ. ನಿದ್ದೆ ಬಿಟ್ಟು ಅದನ್ನು ಹಿಗ್ಗಿಸಿಕೊಂಡರು.

ಕಾರಿದ್ದವರ ಕತೆ ಬೇಗ ಮುಗಿಯುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿ.ಮೀ. ಬೆಂಗಳೂರು ಮೈಸೂರು ದಶಪಥ ಮೂರು ತಾಸಿನ ಹಾದಿಯನ್ನು ಒಂದೂವರೆ ತಾಸಿಗೆ ಇಳಿಸಿತು. ಹಾದಿ ಚಿಕ್ಕದಾಯಿತೆಂದು ಜನ ಬೇಗ ಮನೆಗೆ ಬರಲಿಲ್ಲ. ಉಳಿದ ಹೊತ್ತನ್ನು ಹಿಡಿದುಕೊಂಡು ಮೈಸೂರಿನ ಆಚೆಗೆ, ಬಂಡೀಪುರದ ಕಡೆಗೆ, ಕೊಡಗಿನ ಕಡೆಗೆ ಹೋದರು. ಬೈಪಾಸುಗಳಿಂದಾಗಿ ಮದ್ದೂರಿನ ವಡೆ, ಚನ್ನಪಟ್ಟಣದ ಬೊಂಬೆ ಮಾರುವವರ ಅಂಗಡಿಗಳ ಮುಂದೆ ಕಾರುಗಳು ನಿಲ್ಲದಾದವು. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಗಂಡ ಹೆಂಡತಿ ನಡುವೆ ಮಗುವನ್ನು ಕೂರಿಸಿಕೊಂಡು ಬೈಕಿನಲ್ಲಿ ಹೊರಡುವ ಕುಟುಂಬಕ್ಕೆ ಪಕ್ಕದ ಸರ್ವೀಸ್ ರಸ್ತೆಯೇ. ಇನ್ನೊಂದು ದಿಕ್ಕಿನಲ್ಲಿ, ಬೆಂಗಳೂರಿನಿಂದ ಅರವತ್ತು ಕಿ.ಮೀ. ದೂರದ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟ ಕಾರುಗಳು ಬೆಟ್ಟದ ಬುಡದಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಊರು ದಾಟುವುದಕ್ಕೇ ಒಂದೂವರೆ ತಾಸು ಬೇಕಾದ ಮಹಾನಗರದಲ್ಲಿ ಎಷ್ಟೋ ಕುಟುಂಬಗಳು ಮೆಟ್ರೊ ಹತ್ತಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬರುವುದೇ ವಾಸಿ ಎಂದುಕೊಂಡಿವೆ. ಕಿಲೋಮೀಟರಿನಲ್ಲಿ ಅಳೆದರೆ ಎರಡು ಹರದಾರಿಯ ಎತ್ತಿನಗಾಡಿಯವನಿಗಿಂತ ಹೆಚ್ಚೇನೂ ಅಲ್ಲ.

ಪ್ರವಾಸೋದ್ಯಮ ಇಲಾಖೆಯ ಯೋಜನೆಗಳಲ್ಲಿ ಪ್ರತಿ ವರ್ಷ ಹೊಸ ಹೊಸ ತಾಣಗಳ ಹೆಸರು ಸೇರುತ್ತವೆ. ಗಾಜಿನ ಸೇತುವೆ, ರೋಪ್‌ವೇಗಳ ಮಾತು ಕೇಳಿಬರುತ್ತದೆ. ಅವು ಬೇಡವೆಂದಲ್ಲ. ಆದರೆ ಆ ದುಡ್ಡಿನಲ್ಲಿ ಒಂದು ಪಾಲನ್ನು ಮೊದಲು ಇರುವ ತಾಣಗಳಿಂದ ಸುತ್ತಲ ತಾಲ್ಲೂಕುಗಳಿಗೆ ಭಾನುವಾರ ರಾತ್ರಿ ಎಂಟಕ್ಕೊಂದು, ಒಂಬತ್ತಕ್ಕೊಂದು ಬಸ್ಸು ಬಿಡಲು ಬಳಸಿ. ದಾರಿಯ ಪ್ರತಿ ಬಸ್‌ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಬೀಗ ಹಾಕದ, ನೀರಿರುವ ಶೌಚಾಲಯ ಕಟ್ಟಿಸಿ.